ಓದುಗರ ಪ್ರಶ್ನೆ: ಜೈಲಿನಲ್ಲಾದ ಆತ್ಮಹತ್ಯೆಗೆ ಹೊಣೆ ಯಾರು?

ಪ್ರಶ್ನೆ: ವಿಚಾರಣಾಧೀನ ಕೈದಿಯಾಗಿದ್ದ ನನ್ನ ಭಾವಮೈದುನ, ಜಾಮೀನು ವಜಾ ಆದ ಮೇಲೆ, ಒಂದು ರಾತ್ರಿ ಜೈಲಿನಲ್ಲಿ ತೀರಿಕೊಂಡು ಒಂದು ತಿಂಗಳಾಯಿತು. ಆತ್ಮಹತ್ಯೆ ಎಂದರು. ‘ತಾನೇ ಮಾಡಿಕೊಂಡರೆ ಇಲಾಖೆ ಏನು ಮಾಡಲಾದೀತು’ ಎಂಬ ಉತ್ತರ ಸಿಕ್ಕಿತು. ಯಾವ ಕಾಗದವನ್ನೂ ಕೊಟ್ಟಿಲ್ಲ. ಮುಂದೇನು ಮಾಡಬೇಕು?
– ಓದುಗರು, ಹಾಸನ

ಆ ಉತ್ತರವನ್ನು ಒಪ್ಪಬೇಡಿ. ಹೊರಗಿದ್ದವರಿಗೆ ಮನಸ್ಸು ಕುಸಿದರೆ ಮನೆಯವರಿದ್ದಾರೆ, ತಾವೇ ಎದ್ದು ಡಾಕ್ಟರ ಬಳಿ ಹೋಗಬಹುದು. ಒಳಗಿದ್ದವರಿಗೆ ಆ ದಾರಿಗಳನ್ನು ಮುಚ್ಚಿದ್ದು ಸರ್ಕಾರ. ಆದ್ದರಿಂದ ಅವರನ್ನು ನೋಡಿಕೊಳ್ಳುವ ಹೊಣೆಯೂ ಸರ್ಕಾರದ್ದೇ. ಕಸ್ಟಡಿ ಸಾವಿಗೆ ಸರ್ಕಾರ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲೇ, ಒಡಿಶಾದ ನೀಲಾಬತಿ ಬೆಹೆರಾ ಪ್ರಕರಣದಲ್ಲಿ, ತೀರ್ಪು ಕೊಟ್ಟಿದೆ. 2012ರಿಂದ 2015ರ ನಡುವೆ ಜೈಲುಗಳಲ್ಲಾದ ಅಸಹಜ ಸಾವುಗಳಿಗೆ ಪರಿಹಾರ ಕೊಡಿಸಲು ತಾವಾಗಿಯೇ ಪ್ರಕರಣ ದಾಖಲಿಸಿಕೊಳ್ಳಿ ಎಂದು 2017ರಲ್ಲಿ ಎಲ್ಲ ಹೈಕೋರ್ಟ್‌ಗಳಿಗೆ ಹೇಳಿತು. ಆತ್ಮಹತ್ಯೆಯೂ ಆ ಲೆಕ್ಕದಲ್ಲೇ ಬರುತ್ತದೆ.

ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 196ನೇ ಕಲಮಿನಂತೆ ಇಂಥ ಸಾವಿನಲ್ಲಿ ಪೊಲೀಸರ ಯುಡಿಆರ್ (ಅಸಹಜ ಸಾವಿನ ವರದಿ) ತನಿಖೆಯಷ್ಟೇ ಸಾಲದು, ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯಬೇಕು. ಸಾಧ್ಯವಿದ್ದಲ್ಲೆಲ್ಲ ಮನೆಯವರಿಗೆ ತಿಳಿಸಿ, ಹಾಜರಿರಲು ಬಿಡಬೇಕು. ಯಾವ ಮ್ಯಾಜಿಸ್ಟ್ರೇಟರ ಮುಂದಿದೆ ಎಂದು ಠಾಣೆಯಲ್ಲಿ ಕೇಳಿ, ನಿಮ್ಮ ಹೇಳಿಕೆ ದಾಖಲಿಸಿಕೊಳ್ಳುವಂತೆ ಅರ್ಜಿ ಹಾಕಿ. ಶವ ಮಹಜರು ಮತ್ತು ಮರಣೋತ್ತರ ವರದಿಯ ಪ್ರತಿ, ಜೈಲಿಗೆ ಸೇರಿದ ದಿನದ ವೈದ್ಯಕೀಯ ತಪಾಸಣೆಯ ದಾಖಲೆ, ಸಂದರ್ಶನದ ರಿಜಿಸ್ಟರ್, ಬ್ಯಾರಕ್ ಬದಲಿಸಿದ ಆದೇಶ, ಆ ರಾತ್ರಿಯ ಡ್ಯೂಟಿ ಪಟ್ಟಿ, ಸಿಸಿಟಿವಿ ದೃಶ್ಯ: ಇಷ್ಟನ್ನೂ ಅದರಲ್ಲಿ ಹೆಸರಿಸಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುವುದುಂಟು. ಆದರೂ ಕೇಳಿ, ‘ಇಲ್ಲ’ ಎಂಬ ಉತ್ತರ ಬರಹದಲ್ಲಿ ಬರಲಿ.

ಕೇಳಬೇಕಾದ ಮುಖ್ಯ ಪ್ರಶ್ನೆ ಆ ರಾತ್ರಿಯದ್ದಲ್ಲ, ಹಿಂದಿನ ವಾರಗಳದ್ದು. ಜಾಮೀನು ವಜಾ ಆದ ಮೇಲೆ ಯಾರಾದರೂ ಅವರನ್ನು ಮಾತಾಡಿಸಿದರೇ? ಮಾತ್ರೆ ನಡೆಯುತ್ತಿದ್ದರೆ ನಡುವೆ ನಿಂತಿತ್ತೇ? 2016ರ ಮಾದರಿ ಜೈಲು ಕೈಪಿಡಿ 500 ಕೈದಿಗಳಿಗೆ ಒಬ್ಬ ಮನಶ್ಶಾಸ್ತ್ರಜ್ಞ ಅಥವಾ ಆಪ್ತಸಮಾಲೋಚಕ ಇರಬೇಕೆನ್ನುತ್ತದೆ. ಆ ಹುದ್ದೆ ಭರ್ತಿಯಾಗಿತ್ತೇ? ಜೈಲು ಸುಧಾರಣೆಗೆಂದು ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿಯ ಲೆಕ್ಕದಂತೆ 2017ರಿಂದ 2021ರವರೆಗೆ ದೇಶದ ಜೈಲುಗಳಲ್ಲಾದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆಗಳು. ಇಷ್ಟಾದ ಮೇಲೂ ಪ್ರತಿ ಸಾವನ್ನೂ ಯಾರೂ ಊಹಿಸಲಾಗದ್ದೆಂಬಂತೆ ಬರೆದು ಫೈಲು ಮುಚ್ಚುವುದು ಅನ್ಯಾಯ.

ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಾದ ಒಂದು ವರ್ಷದೊಳಗೆ ದೂರು ಕೊಡಿ. ರಾಜ್ಯ ಆಯೋಗಕ್ಕೋ ರಾಷ್ಟ್ರೀಯ ಆಯೋಗಕ್ಕೋ, ಒಂದಕ್ಕೆ ಮಾತ್ರ. ರಾಜ್ಯ ಆಯೋಗದಲ್ಲಿ ಬಾಕಿಯಿರುವುದನ್ನು ರಾಷ್ಟ್ರೀಯ ಆಯೋಗ ವಿಚಾರಿಸುವುದಿಲ್ಲ.

ಇಂಥ ಸುದ್ದಿ ಈಗಷ್ಟೇ ಬಂದ ಮನೆಯವರಿಗೆ ಒಂದು ಮಾತು: ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆಗೆ ಮೊದಲೇ ಬರೆದುಕೊಟ್ಟು, ಅದನ್ನು ವಿಡಿಯೊ ಮಾಡಿಸಲು ಕೇಳಿ, ಸ್ವೀಕೃತಿ ಪಡೆಯಿರಿ. ದಹನಕ್ಕೆ ಅವಸರ ಬೇಡ. ಮರುಪರೀಕ್ಷೆಯ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ.

ಪ್ರಶ್ನೆ: ಖಿನ್ನತೆಯಿರುವ ಕೈದಿಯನ್ನು ಕಾಪಾಡಲೆಂದು ಒಂಟಿ ಸೆಲ್‌ನಲ್ಲಿಡುವುದು ಸರಿಯೇ?
– ಓದುಗರು, ಧಾರವಾಡ

ಸರಿಯಲ್ಲ. ಅದು ಸಿಬ್ಬಂದಿಗೆ ಸುಲಭ, ಕೈದಿಗೆ ಅಪಾಯ. ಮಾತಿಲ್ಲದೆ, ಜೊತೆಯಿಲ್ಲದೆ ನಿರಾಶೆ ಹೆಚ್ಚುತ್ತದೆ. ಬೇಕಾದದ್ದು ಜೊತೆಗೆ ಜನ, ಪದೇ ಪದೇ ಬಂದು ಮಾತಾಡಿಸುವ ಸಿಬ್ಬಂದಿ, ಚಿಕಿತ್ಸೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 103ನೇ ಕಲಮಿನಡಿ ಮಾನಸಿಕ ಕಾಯಿಲೆಯ ಕೈದಿಯನ್ನು ಜೈಲಾಸ್ಪತ್ರೆಯ ಮನೋವೈದ್ಯಕೀಯ ವಾರ್ಡಿಗೆ, ಅದಿಲ್ಲದಿದ್ದರೆ ಹೊರಗಿನ ಮಾನಸಿಕ ಆರೋಗ್ಯ ಸಂಸ್ಥೆಗೆ ಕಳಿಸಬಹುದು.

ಪ್ರಶ್ನೆ: ಜೈಲಿನಿಂದ ಫೋನ್ ಮಾಡಿದ ತಮ್ಮ ‘ಇನ್ನು ನನ್ನ ಆಸೆ ಬಿಡಿ’ ಎಂದ. ಹೆದರಿಕೆಯಾಗಿದೆ.
– ಓದುಗರು, ಬಳ್ಳಾರಿ

ಈ ಪತ್ರಕ್ಕೆ ಅಂಚೆಯಲ್ಲಿ ಮೊದಲೇ ಉತ್ತರಿಸಿದ್ದೇವೆ. ಇಂಥ ಮಾತು ಕೇಳಿದವರು ಮರುದಿನಕ್ಕೆ ಕಾಯಬೇಡಿ. ಆಗಲೇ ಜೈಲಿಗೆ ಫೋನ್ ಮಾಡಿ ಸೂಪರಿಂಟೆಂಡೆಂಟರಿಗೂ ಜೈಲಿನ ವೈದ್ಯಾಧಿಕಾರಿಗೂ ತಿಳಿಸಿ, ಕೂಡಲೇ ಅದನ್ನೇ ಇಮೇಲ್‌ನಲ್ಲಿ ಬರೆಯಿರಿ. ಅವರಾಡಿದ ಮಾತು, ಹೊತ್ತು, ಹಿಂದಿನ ಚಿಕಿತ್ಸೆ, ಮಾತ್ರೆಯ ಹೆಸರು ಅದರಲ್ಲಿರಲಿ. ವಕೀಲರ ಮೂಲಕ ನ್ಯಾಯಾಲಯಕ್ಕೆ ಮೆಮೊ ಹಾಕಿಸಿ. ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಮುಂದಿನ ಸಂದರ್ಶನ ತಪ್ಪಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ನಿಮಗೇ ಮನಸ್ಸು ತಡೆಯದಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲುರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.