ಕೋಟಿಂಗ್ ಹೊಡೆದ ಮೇಲೆ ಕಾಟಾ ತೂಕ ತಪ್ಪುತ್ತಿದೆ, ಏಕೆ?

ಪ್ರಶ್ನೆ: ಬ್ಯಾಡಗಿಯಲ್ಲಿ ಎಲೆಕ್ಟ್ರಾನಿಕ್ ಕಾಟಾ ರಿಪೇರಿ ಮಾಡುತ್ತೇನೆ. ಮಳೆಗಾಲದ ತೇವ, ಮೆಣಸಿನಕಾಯಿ ಧೂಳು ಎರಡರಿಂದಲೂ ಬೋರ್ಡ್ ಉಳಿಯಲೆಂದು, ಒಂದು ಐಸಿ (ಚಿಪ್) ಬದಲಿಸಿದ ಮೇಲೆ ಇಡೀ ಬೋರ್ಡಿಗೆ ಅಕ್ರಿಲಿಕ್ ಕೋಟಿಂಗ್ ಸ್ಪ್ರೇ ಹೊಡೆದೆ. ಅದಕ್ಕೂ ಮೊದಲು ಸರಿ ಇತ್ತು. ಈಗ 100 ಕಿಲೋ ಕಾಟಾ ಖಾಲಿ ಇದ್ದರೂ 300–400 ಗ್ರಾಂ ತೋರಿಸುತ್ತದೆ. ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ. ಟೇರ್ (ಅಂಕಿಯನ್ನು ಸೊನ್ನೆಗೆ ತರುವ) ಬಟನ್ ನಾಲ್ಕು ಸಲ ಒತ್ತಿದರೆ ಒಮ್ಮೆ ಕೆಲಸ ಮಾಡುತ್ತದೆ. ಬೋರ್ಡ್ ಬದಲಿಸಲೇಬೇಕೇ?

ಉತ್ತರ: ಬೋರ್ಡ್ ಬದಲಿಸುವ ಅಗತ್ಯ ಕಾಣುವುದಿಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ದೋಷ. ಬಟನ್ನಿನದು ಸುಲಭ: ಸ್ಪ್ರೇ ಸಂದಿಯಿಂದ ಒಳಗಿಳಿದು ಸಂಪರ್ಕದ ತಗಡಿನ ಮೇಲೆ ಪೊರೆ ಕಟ್ಟಿದೆ. ಥಿನ್ನರ್ ಹಾಕಿ ತೊಳೆಯಲು ಹೋದರೆ ಅದು ಇನ್ನಷ್ಟು ಒಳಗೆ ಹರಡುತ್ತದೆ. ಕಿತ್ತು ಹೊಸ ಬಟನ್ ಹಾಕಿಬಿಡಿ.

ತೂಕದ ದೋಷಕ್ಕೆ ನಿಮ್ಮ ಮಾತಿನಲ್ಲೇ ಸುಳಿವಿದೆ. ಗಾಳಿಯಲ್ಲಿ ತೇವ ಹೆಚ್ಚಿರುವ ಬೆಳಿಗ್ಗೆ ತಪ್ಪು ಹೆಚ್ಚು, ಬಿಸಿಲೇರಿದಾಗ ಕಡಿಮೆ. ಐಸಿ ಬೆಸುಗೆ ಹಾಕಿದಾಗ ಉಳಿದ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಅಂಟು) ಕೋಟಿಂಗ್ ಅಡಿಯಲ್ಲಿ ಸಿಕ್ಕಿಕೊಂಡಿರುವ ಸಾಧ್ಯತೆಯೇ ದೊಡ್ಡದು. ಅಕ್ರಿಲಿಕ್ ಪೊರೆ ನೀರಿನ ಹನಿಯನ್ನು ತಡೆಯುತ್ತದೆ, ಆವಿಯನ್ನು ಪೂರ್ತಿ ತಡೆಯುವುದಿಲ್ಲ. ಒಳಸೇರಿದ ತೇವವನ್ನು ಫ್ಲಕ್ಸ್ ಹೀರಿ, ತಾಮ್ರದ ಗೆರೆಗಳ ನಡುವೆ ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತದೆ.

ಆ ದಾರಿ ಎಷ್ಟು ಸಣ್ಣದಿದ್ದರೆ ಸಾಕು ನೋಡಿ. ಭಾರವನ್ನು ಸಣ್ಣ ವೋಲ್ಟೇಜ್ ಆಗಿ ಬದಲಿಸುವ ಭಾಗವೇ ಲೋಡ್ ಸೆಲ್, ಸಾಮಾನ್ಯವಾಗಿ 350 ಓಮ್‌ನದು. 5 ವೋಲ್ಟ್ ಕೊಟ್ಟರೆ, ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ಲೆಕ್ಕದಲ್ಲಿ, ಪೂರ್ತಿ ಭಾರಕ್ಕೆ ಬರುವುದು ಬರೀ 10 ಮಿಲಿವೋಲ್ಟ್. ವೋಲ್ಟೇಜ್ ಕೊಡುವ ಗೆರೆಗೂ ಸಿಗ್ನಲ್ ಗೆರೆಗೂ ನಡುವೆ 10 ಮೆಗಾಓಮ್ ಸೋರಿಕೆ ಹುಟ್ಟಿದರೆ ಸುಮಾರು 44 ಮೈಕ್ರೋವೋಲ್ಟ್ ವ್ಯತ್ಯಾಸ. 100 ಕಿಲೋ ಸೆಲ್‌ನಲ್ಲಿ ಅದು 440 ಗ್ರಾಂ. ನೀವು ಹೇಳಿದ ಅಂಕಿಗೆ ಇದು ತೀರ ಹತ್ತಿರ. ಬೇರೆ ಬೋರ್ಡಿನಲ್ಲಿ ಗಮನಕ್ಕೇ ಬಾರದಷ್ಟು ಸೋರಿಕೆ ಇದು.

ಆದರೂ ಊಹೆಯ ಮೇಲೆ ಕೋಟಿಂಗ್ ತೆಗೆಯಬೇಡಿ, ಮೊದಲು ಖಚಿತ ಮಾಡಿಕೊಳ್ಳಿ. ಲೋಡ್ ಸೆಲ್ ಕನೆಕ್ಟರ್ ಬಿಚ್ಚಿ ಪಿನ್ನುಗಳ ಮೇಲೆ ಪೊರೆ ಇದೆಯೇ ನೋಡಿ. ಅನೇಕ ಕೋಟಿಂಗ್‌ಗಳು ನೋಟು ಪರೀಕ್ಷಿಸುವ ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತವೆ, ಎಲ್ಲೆಲ್ಲಿ ನುಗ್ಗಿದೆ ಎಂಬುದು ತಕ್ಷಣ ಕಾಣುತ್ತದೆ. ಬಳಿಕ ಸರಿ ಇರುವ ಬೇರೊಂದು ಲೋಡ್ ಸೆಲ್ ಜೋಡಿಸಿ. ಆಗಲೂ ಅಂಕಿ ಸರಿಯುತ್ತಿದ್ದರೆ ದೋಷ ಬೋರ್ಡಿನದು. ಸೆಲ್ ಜೋಡಿಸಿದಂತೆಯೇ ಅದರ ಎರಡು ಸಿಗ್ನಲ್ ತಂತಿಗಳನ್ನು ಪರಸ್ಪರ ಶಾರ್ಟ್ ಮಾಡಿ. ಅಂಕಿ ನಿಂತುಬಿಟ್ಟರೆ ಐಸಿ ಆರೋಗ್ಯವಾಗಿದೆ, ಸೋರಿಕೆ ಇನ್‌ಪುಟ್ ಗೆರೆಗಳಲ್ಲಿದೆ ಎಂದರ್ಥ. ನಿಲ್ಲದಿದ್ದರೆ ನೀವು ಬದಲಿಸಿದ ಐಸಿಯನ್ನೂ ಅದರ ಸಪ್ಲೈಯನ್ನೂ ಅನುಮಾನಿಸಿ. ಸೋರಿಕೆ ಅಳೆಯಲು ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಮಾತ್ರ ಹಚ್ಚಲೇಬೇಡಿ, ಅದರ 500 ವೋಲ್ಟ್ ಐಸಿಯನ್ನು ಸುಟ್ಟುಹಾಕುತ್ತದೆ.

ಬೋರ್ಡನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ಗಂಟೆ ಒಣಗಿಸಿ ನೋಡಿ. ಶಾಶ್ವತವಾಗಿ ಸರಿಯಾದರೆ ಒಳಗೆ ಥಿನ್ನರ್ ಆರದೆ ಉಳಿದಿತ್ತಷ್ಟೆ. ಮುಟ್ಟಿದರೆ ಅಂಟದಿದ್ದ ಮಾತ್ರಕ್ಕೆ ಕೋಟಿಂಗ್ ಪೂರ್ತಿ ಒಣಗಿದೆ ಎಂದಲ್ಲ. ಒಂದು ದಿನವಾದರೂ ಬೇಕು. ಎರಡು ದಿನ ಮಳೆ ಹಿಡಿದೊಡನೆ ದೋಷ ಮರಳಿದರೆ ಫ್ಲಕ್ಸೇ ಕಾರಣ, ಕೋಟಿಂಗ್ ತೆಗೆಯದೆ ದಾರಿಯಿಲ್ಲ.

ಇಡೀ ಬೋರ್ಡ್ ತೊಳೆಯಬೇಕಿಲ್ಲ. ಕನೆಕ್ಟರಿನಿಂದ ಐಸಿಯವರೆಗಿನ ಭಾಗ ಸಾಕು. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆಯನ್ನು 15 ನಿಮಿಷ ಅಲ್ಲಿ ಹೊದಿಸಿಡಿ, ಮೆತ್ತಗಾದ ಪೊರೆಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಒಂದೇ ಸಲಕ್ಕೆ ಹೋಗುವುದಿಲ್ಲ, ಎರಡು–ಮೂರು ಬಾರಿ ಮಾಡಿ. ಔಷಧ ಅಂಗಡಿಯ 70 ಶೇಕಡಾದ್ದು ಬೇಡ, ಉಳಿದದ್ದು ನೀರು. ಅಸಿಟೋನ್ ಬೇಗ ಕರಗಿಸುತ್ತದೆ, ಜೊತೆಗೆ ಕನೆಕ್ಟರಿನ ಪ್ಲಾಸ್ಟಿಕ್ಕನ್ನೂ ತಿನ್ನಬಹುದು. ಕೊನೆಗೆ ಬೋರ್ಡ್ ಓರೆ ಹಿಡಿದು ಹೊಸ ಆಲ್ಕೋಹಾಲ್ ಸುರಿದು ತೊಳೆಯಿರಿ. ಎಲ್ಲರೂ ತಪ್ಪುವುದು ಇಲ್ಲೇ. ಬರೀ ಒರೆಸಿ ಬಿಟ್ಟರೆ ಒಂದೆಡೆ ಇದ್ದ ಫ್ಲಕ್ಸ್ ತೆಳುವಾಗಿ ಎಲ್ಲೆಡೆ ಹರಡಿರುತ್ತದೆ. ತೊಳೆಯಲೇಬೇಕಿಲ್ಲ ಎಂದು ಡಬ್ಬಿಯ ಮೇಲೆ ಬರೆದ ಫ್ಲಕ್ಸನ್ನೂ ಕೋಟಿಂಗ್‌ಗೆ ಮೊದಲು ತೊಳೆಯಿರಿ. ಆಲ್ಕೋಹಾಲ್ ಆವಿಗೆ ಬೆಂಕಿ ಹತ್ತುತ್ತದೆ, ಬಿಸಿ ಸೋಲ್ಡರಿಂಗ್ ಐರನ್ ಪಕ್ಕದಲ್ಲಿ ಈ ಕೆಲಸ ಬೇಡ.

ಮತ್ತೆ 60 ಡಿಗ್ರಿಯಲ್ಲಿ 2 ಗಂಟೆ ಒಣಗಿಸಿ, ಕಾಟಾ ಜೋಡಿಸಿ, ಒಂದು ದಿನ ಖಾಲಿ ಓಡಿಸಿ. ಅಂಕಿ ಅಲುಗದಿದ್ದರೆ ಮಾತ್ರ ಮುಂದಿನ ಕೋಟಿಂಗ್. ಬಟನ್, ಕನೆಕ್ಟರ್, ಬಜರ್ ತೂತು, ಪ್ರಿಸೆಟ್ (ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ಎಲ್ಲದಕ್ಕೂ ಟೇಪ್ ಅಂಟಿಸಿ. 20–25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಎರಡು ಸಲ, ನಡುವೆ 15 ನಿಮಿಷ ಬಿಟ್ಟು ಹೊಡೆಯಿರಿ. ಒಟ್ಟು ದಪ್ಪ ತಲೆಗೂದಲಿನಷ್ಟು, ಅಂದರೆ 75 ಮೈಕ್ರಾನ್ ದಾಟಬಾರದು. ಮಳೆ ಸುರಿಯುವಾಗ ಬೇಡವೇ ಬೇಡ: ಥಿನ್ನರ್ ಆರುವಾಗ ಬೋರ್ಡ್ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಪೊರೆ ಬೆಳ್ಳಗಾಗುತ್ತದೆ.

ರಿಪೇರಿಗೆ ಬಿಚ್ಚಿದಾಗ ಕಾಟಾದ ಸರ್ಕಾರಿ ಸೀಲ್ ಒಡೆದಿರುವುದರಿಂದ, ಪ್ರಮಾಣಿತ ತೂಕದ ಕಲ್ಲುಗಳಿಂದ ಕ್ಯಾಲಿಬ್ರೇಶನ್ ಮುಗಿಸಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮರುಮುದ್ರೆ ಬೀಳುವವರೆಗೆ ಅದನ್ನು ಮಾರುಕಟ್ಟೆಯಲ್ಲಿ ತೂಕಕ್ಕೆ ಇಡಬೇಡಿ.