ಸೋನಿ ಎ6400 ಇದೆ. ನೀರೊಳಗಿನ ಮ್ಯಾಕ್ರೋ ಫೋಟೋಗೆ 50 ಎಂಎಂ ಲೆನ್ಸ್ ಒಳ್ಳೆಯದಾ, 90 ಎಂಎಂ ಒಳ್ಳೆಯದಾ?

ನೀವು ಬಾಗಲಕೋಟೆಯವರು, ಮುರುಡೇಶ್ವರದಲ್ಲಿ ಡೈವಿಂಗ್ ಕಲಿತಿದ್ದೀರಿ. ನೇತ್ರಾಣಿ ದ್ವೀಪದಲ್ಲಿ ಕಂಡ ಸಣ್ಣ ಸಣ್ಣ ಜೀವಿಗಳ ಫೋಟೋ ಬೇಕು. ಕೈಯಲ್ಲಿರುವುದು ಎ6400 ಮತ್ತು ಅದರ ಜೊತೆ ಬಂದ 16-50 ಲೆನ್ಸ್. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ ಎಂದಿದ್ದೀರಿ. ಆ ಎರಡರಲ್ಲೇ ಒಂದು ಹೇಳಿ ಅಂದರೆ ನನ್ನ ಓಟು 90ಕ್ಕೆ. ಆದರೆ ಈ ಸೀಸನ್‌ಗೆ ಎರಡೂ ಬೇಡ ಅನ್ನುವುದೇ ನನ್ನ ಉತ್ತರ.

ನಾನು ಬೆಳಗಾವಿಯವನು. ನಮಗೆ ಗೋವಾ, ಮಾಲವಣ ಎರಡೂ ಹತ್ತಿರ, ಹಾಗಾಗಿ ಮಳೆಗಾಲ ಮುಗಿದರೆ ಸಮುದ್ರದ ಕಡೆ ಹೋಗುವುದು ಜಾಸ್ತಿ. ನನ್ನದು ಒಲಿಂಪಸ್ ಕ್ಯಾಮೆರಾ, 60 ಎಂಎಂ ಮ್ಯಾಕ್ರೋ. ಜೊತೆಗೆ ಬರುವವರಲ್ಲಿ ಸೋನಿಯವರೂ ಇದ್ದಾರೆ, ಅದರ ಗುಣ ದೋಷ ಎರಡೂ ನೋಡಿದ್ದೇನೆ.

ಲೆನ್ಸ್ ಹೋಲಿಸುವಾಗ ಎಲ್ಲರೂ 1:1 (ವಸ್ತು ತನ್ನ ನಿಜ ಅಳತೆಯಲ್ಲೇ ಸೆನ್ಸರ್ ಮೇಲೆ ಬೀಳುವುದು) ಇದೆಯಾ ಅಂತ ನೋಡುತ್ತಾರೆ. ಎರಡರಲ್ಲೂ ಇದೆ. ನಿಮ್ಮ ಸೆನ್ಸರ್ ಅಗಲ 23.5 ಮಿಲಿಮೀಟರ್, ಅಂದರೆ ಅಷ್ಟೇ ಅಗಲದ ಜೀವಿ ಫ್ರೇಮ್ ತುಂಬುತ್ತದೆ. ನೀರಿನಲ್ಲಿ ನೋಡಬೇಕಾದದ್ದು ಬೇರೆ: ಆಗ ಲೆನ್ಸಿನ ಮುಂದೆ ಎಷ್ಟು ಜಾಗ ಉಳಿಯುತ್ತದೆ? 50 ಎಂಎಂಗೆ ಕನಿಷ್ಠ ಫೋಕಸ್ ದೂರ 16 ಸೆಂಟಿಮೀಟರ್, ಆದರೆ ಅದು ಸೆನ್ಸರ್‌ನಿಂದ ಲೆಕ್ಕ. ಲೆನ್ಸಿನ ಮೂತಿಯಿಂದ ಅದರ ಅರ್ಧವೂ ಉಳಿಯುವುದಿಲ್ಲ. ಅದರಲ್ಲೂ ಪೋರ್ಟಿನ (ಕ್ಯಾಮೆರಾ ಇಡುವ ನೀರು ನುಗ್ಗದ ಪೆಟ್ಟಿಗೆ, ಅಂದರೆ ಹೌಸಿಂಗ್‌ನ ಮುಂದಿನ ಕಿಟಕಿ) ಗಾಜು ಪಾಲು ಕೇಳುತ್ತದೆ. ಅಷ್ಟು ಹತ್ತಿರ ಹೋದರೆ ಸೀಗಡಿ ಬಿಲ ಸೇರುತ್ತದೆ, ಪೋರ್ಟ್ ನಿಮ್ಮ ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಬೆಳಕಿಗೇ ಅಡ್ಡ ಬರುತ್ತದೆ. 90ರಲ್ಲಿ ಸುಮಾರು 13 ಸೆಂಟಿಮೀಟರ್ ಸಿಗುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಬೆಳಕು ಪಕ್ಕದಿಂದ ಒಳಗೆ ಬರಲು ಅಷ್ಟು ಸಾಕು. ಸೋನಿಯ 50 ಮ್ಯಾಕ್ರೋ ಫೋಕಸ್ ಹುಡುಕುವುದರಲ್ಲೂ ನಿಧಾನ. ದಡದ ಮೇಲೆ ಹೂವು ಕಾಯುತ್ತದೆ, ನೀರಿನಲ್ಲಿ ನೀವೂ ತೇಲುತ್ತೀರಿ, ಜೀವಿಯೂ ಓಡಾಡುತ್ತದೆ, ಅಲ್ವಾ? ಅಗ್ಗ ಎಂದು 30 ಎಂಎಂ ಮ್ಯಾಕ್ರೋ ಕಡೆ ನೋಡಲೇಬೇಡಿ. ಅದರ ಮುಂದೆ ಉಳಿಯುವುದು ಎರಡೂವರೆ ಸೆಂಟಿಮೀಟರ್‌ಗಿಂತ ಕಡಿಮೆ.

ಹಾಗಾದರೆ 90 ಈಗಲೇ ಯಾಕೆ ಬೇಡ? ನಮ್ಮ ಪಶ್ಚಿಮ ಕರಾವಳಿಯ ನೀರಿನಿಂದಾಗಿ. ನಿಮ್ಮ ಸೆನ್ಸರ್ ಮೇಲೆ 90 ಅಂದರೆ ಫುಲ್‌ಫ್ರೇಮ್ ಲೆಕ್ಕದಲ್ಲಿ 135 ಎಂಎಂ. ಅದರ ಮೇಲೆ ಚಪ್ಪಟೆ ಗಾಜಿನ ಪೋರ್ಟ್. ನೀರಿನ ವಕ್ರೀಭವನ ಸೂಚ್ಯಂಕ 1.33 ಇರುವುದರಿಂದ ನೋಟ ಇನ್ನೂ ಕಿರಿದಾಗುತ್ತದೆ. ಸಣ್ಣ ಜೀವಿಗೆ ಇದು ಲಾಭವೇ. ಆದರೆ ಗೇಣುದ್ದದ ಮೀನು ಎದುರಾದರೆ ಅದನ್ನು ಪೂರ್ತಿ ಹಿಡಿಯಲು ಹೆಚ್ಚುಕಡಿಮೆ ಒಂದು ಮೀಟರ್ ಹಿಂದೆ ಸರಿಯಬೇಕು. ಅಷ್ಟು ನೀರಿನಲ್ಲಿ ತೇಲುವ ಕಣಗಳೆಲ್ಲ ಸ್ಟ್ರೋಬ್ ಬೆಳಕಿಗೆ ಬಿಳಿ ಚುಕ್ಕೆಗಳಾಗಿ ಬೀಳುತ್ತವೆ. ಅಂಬೋಲಿ ಘಾಟಿನ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ. ಹೊಸಬರಿಗೆ ಇನ್ನೊಂದು ಕಷ್ಟವಿದೆ. ಅಷ್ಟು ಕಿರಿದಾದ ನೋಟದಲ್ಲಿ, ಕಣ್ಣೆದುರೇ ಕಂಡ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಸಮುದ್ರದ ಬಸವನಹುಳು) ಸ್ಕ್ರೀನಿನಲ್ಲಿ ಸಿಗುವುದೇ ಇಲ್ಲ. ಹುಡುಕುವಷ್ಟರಲ್ಲಿ ಕಾಲಿನ ಫಿನ್ ಹೋಗಿ ಹವಳಕ್ಕೆ ಬಡಿಯುತ್ತದೆ. ತೇಲುವ ಹಿಡಿತ ಪಕ್ಕಾ ಆಗುವವರೆಗೆ ಉದ್ದ ಮ್ಯಾಕ್ರೋ ಹಿಡಿಯಬಾರದು, ಇದು ನನ್ನ ಹಟ ಎಂದೇ ಇಟ್ಟುಕೊಳ್ಳಿ.

ಈ ಸೀಸನ್‌ಗೆ ನಿಮ್ಮ 16-50 ಲೆನ್ಸನ್ನೇ ಹೌಸಿಂಗ್ ಒಳಗೆ ಹಾಕಿ, ಚಪ್ಪಟೆ ಪೋರ್ಟ್ ಮುಂದೆ ಒಂದು ವೆಟ್ ಕ್ಲೋಸಪ್ ಲೆನ್ಸ್ (ಹೊರಗಿನಿಂದ ಹಾಕುವ, ಹತ್ತಿರದ್ದನ್ನು ದೊಡ್ಡದಾಗಿ ತೋರಿಸುವ ಲೆನ್ಸ್) ತಿರುಗಿಸಿ. ಎಂ67 (67 ಮಿಲಿಮೀಟರ್) ಥ್ರೆಡ್‌ನದು ಸಾಮಾನ್ಯವಾಗಿ ಸಿಗುತ್ತದೆ, ಪೋರ್ಟಿನಲ್ಲೂ ಅದೇ ಥ್ರೆಡ್ ಇರಲಿ. +10 ಡಯಾಪ್ಟರ್ (ಲೆನ್ಸಿನ ಬಲದ ಅಳತೆ) ಆಸುಪಾಸಿನದು ಹಾಕಿ ಜೂಮನ್ನು 50ರಲ್ಲಿ ಇಟ್ಟರೆ ನಾಲ್ಕೈದು ಸೆಂಟಿಮೀಟರ್ ಅಗಲದ ವಸ್ತು ಫ್ರೇಮ್ ತುಂಬುತ್ತದೆ. ನೇತ್ರಾಣಿಯ ಎಷ್ಟೋ ಜೀವಿಗಳಿಗೆ ಇದು ಧಾರಾಳ. ದೊಡ್ಡ ಮೀನು ಬಂತೋ, ನೀರಿನೊಳಗೇ ಆ ಕ್ಲೋಸಪ್ ಲೆನ್ಸ್ ಬಿಚ್ಚಿ ಜೂಮ್ ಹಿಂದಕ್ಕೆ ತಂದರಾಯಿತು. ಒಳಗಿರುವ ಮ್ಯಾಕ್ರೋ ಲೆನ್ಸನ್ನು ಹೀಗೆ ಬದಲಿಸಲು ಆಗುವುದಿಲ್ಲವಲ್ಲ. ಒಂದು ಎಚ್ಚರಿಕೆ: ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೆ ಸೆಟ್ ಆಗಿ ಸಿಗುವ, ದಡದ ಮೇಲೆ ಬಳಸುವ ಕ್ಲೋಸಪ್ ಫಿಲ್ಟರ್‌ಗಳನ್ನು ಪೋರ್ಟಿನ ಹೊರಗೆ ಹಾಕಬೇಡಿ. ಗಾಜಿನ ಸುತ್ತ ಗಾಳಿಯ ಬದಲು ನೀರು ಬಂದರೆ ಅದರ ಬಲ ಬಹುಪಾಲು ಹೋಗುತ್ತದೆ. ನೀರಿಗೆಂದೇ ಮಾಡಿದ್ದರಲ್ಲಿ ಒಳಗೆ ಗಾಳಿಯನ್ನು ಸೀಲ್ ಮಾಡಿರುತ್ತಾರೆ.

ಉಳಿದ ದುಡ್ಡು ಸ್ಟ್ರೋಬ್‌ಗೆ. ಇದರಲ್ಲಿ ಚೌಕಾಸಿ ಬೇಡ. ಐದಾರು ಮೀಟರ್ ಇಳಿಯುವಷ್ಟರಲ್ಲೇ ಕೆಂಪು ಬಹುತೇಕ ಕಾಣೆಯಾಗುತ್ತದೆ, ಎಂಥ ಲೆನ್ಸ್ ಇದ್ದರೂ ಫೋಟೋ ನೀಲಿ-ಹಸಿರು ಸಾರು. ನಿಮ್ಮ ಎ6400ಗೆ ತಲೆಯ ಮೇಲೆ ಪುಟ್ಟ ಫ್ಲ್ಯಾಶ್ ಇದೆ, ಫೈಬರ್ ಕೇಬಲ್ ಮೂಲಕ ಅದರಿಂದಲೇ ಸ್ಟ್ರೋಬ್ ಹಾರಿಸಬಹುದು. ಎ6600, ಎ6700ರಲ್ಲಿ ಅದನ್ನು ತೆಗೆದಿದ್ದಾರೆ, ಹಾಗಾಗಿ ಬಾಡಿ ಬದಲಿಸುವ ಆಸೆ ಸದ್ಯಕ್ಕೆ ಬಿಡಿ. ಶಟರ್ 1/160, ಫ್ಲ್ಯಾಶ್ ಸಿಂಕ್ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಐಎಸ್‌ಒ 100, ಎಫ್11. 1:1ರಲ್ಲಿ ಅದಕ್ಕೂ ಫೋಕಸ್ ಆಳ (ಸ್ಪಷ್ಟವಾಗಿ ಬರುವ ಭಾಗ) ಒಂದು ಮಿಲಿಮೀಟರ್ ಆಸುಪಾಸು ಮಾತ್ರ. ಜೀವಿಯ ಕಣ್ಣಿಗೆ ಫೋಕಸ್ ಲಾಕ್ ಮಾಡಿ, ಮೈಯನ್ನೇ ಮೆಲ್ಲಗೆ ಹಿಂದೆ ಮುಂದೆ ಮಾಡಿ ಒತ್ತಿ.

ನಿಮ್ಮ ಕಡೆ ಬಾವಿಗಳಿವೆ, ಅದನ್ನು ಬಳಸಿಕೊಳ್ಳಿ. ಮೊದಲು ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು ಹೌಸಿಂಗನ್ನು ಅರ್ಧ ಗಂಟೆ ಬಕೆಟ್‌ನಲ್ಲಿ ಮುಳುಗಿಸಿ. ಪೇಪರ್ ಒಣಗಿದ್ದರೆ ಮುಂದಿನ ಮಾತು. ಆಮೇಲೆ ಬಾವಿಯ ಮೆಟ್ಟಿಲ ಮೇಲೆ, ಎದೆಮಟ್ಟದ ನೀರಿನಲ್ಲಿ ಮಾಸ್ಕ್ ಹಾಕಿಕೊಂಡು ಬಣ್ಣದ ಮಣಿಗೆ ಫೋಕಸ್ ಮಾಡುವುದನ್ನು ಕಲಿಯಿರಿ. ಮೋಟಾರಿನ ಕರೆಂಟ್ ಮೇನ್‌ನಲ್ಲೇ ತೆಗೆಸಿ, ಒಬ್ಬರೇ ಇಳಿಯಬೇಡಿ. ನಮ್ಮ ಭಾಗದ ಗಡಸು ನೀರು ಒಣಗಿದರೆ ಪೋರ್ಟಿನ ಮೇಲೆ ಬಿಳಿ ಕಲೆ ಕೂರುತ್ತದೆ, ಒದ್ದೆ ಇರುವಾಗಲೇ ಮೆತ್ತಗೆ ಒರೆಸಿ.

ಮುಂದಿನ ಸೀಸನ್‌ಗೂ ಸಣ್ಣ ಜೀವಿಗಳ ಹುಚ್ಚು ಇಳಿಯದಿದ್ದರೆ 90 ತಗೊಳ್ಳಿ. ಅದಕ್ಕೆ ಉದ್ದದ ಬೇರೆ ಪೋರ್ಟ್ ಬೇಕು, ಆದ್ದರಿಂದ ಈಗ ಹೌಸಿಂಗ್ ಕೊಳ್ಳುವಾಗಲೇ ಪೋರ್ಟ್ ಬದಲಾಯಿಸುವಂಥದ್ದು ನೋಡಿ, 90ಕ್ಕೆ ಆ ಕಂಪನಿಯ ಪೋರ್ಟ್ ಇದೆಯಾ ಅಂತ ಬರಹದಲ್ಲಿ ಕೇಳಿ. ಸೆಕೆಂಡ್ ಹ್ಯಾಂಡ್ 90 ನೋಡುವಾಗ ಫೋಕಸ್ ರಿಂಗನ್ನು ಹಿಂದೆ ಮುಂದೆ ಎಳೆಯಿರಿ. ಎಎಫ್ (ಆಟೋ ಫೋಕಸ್), ಎಂಎಫ್ (ಕೈಯಿಂದ ಫೋಕಸ್) ಬದಲಾಗುವುದು ಅದರಿಂದಲೇ, ಅದು ಸ್ಪಷ್ಟವಾಗಿ ಕ್ಲಿಕ್ ಆಗಬೇಕು. ಹೌಸಿಂಗ್‌ಗೆ ಹಾಕುವ ಮೊದಲು ಎಎಫ್ ಕಡೆಗೇ ಇದೆಯಾ ನೋಡಿಕೊಳ್ಳಿ. ಫೋಕಸ್ ಲಿಮಿಟರ್ (ಲೆನ್ಸ್ ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಸ್ವಿಚ್) ಕೂಡ ದಡದಲ್ಲೇ ಹತ್ತಿರದ ವ್ಯಾಪ್ತಿಗೆ ಇಡಿ, ನೀರಿಗಿಳಿದ ಮೇಲೆ ಆ ಸ್ವಿಚ್ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಹಳೆಯ ಹೌಸಿಂಗ್ ಆದರೆ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಕೂರುವ ತೋಡಿನಲ್ಲಿ ಉಗುರು ಆಡಿಸಿ ನೋಡಿ, ಗೀರು ಸಿಕ್ಕರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.