‘ಬಾರೋ’ ಅಂದರೆ ಬರುತ್ತದೆ

ನಾಲ್ಕನೇ ತರಗತಿಯ ಮಗಳು ಇಂಗ್ಲಿಷಿನ ‘ಬಾರೋ’ (borrow, ಸಾಲ ತಗೊಳ್ಳುವುದು) ಮತ್ತು ‘ಲೆಂಡ್’ (lend, ಸಾಲ ಕೊಡುವುದು) ಅದಲುಬದಲು ಮಾಡುತ್ತಾಳೆ, ಹೇಗೆ ಹೇಳಿಕೊಡಲಿ ಅಂತ ಕೇಳಿದ್ದೀರಿ. ತಪ್ಪು ಅವಳದ್ದಲ್ಲ. ಕನ್ನಡದಲ್ಲಿ ಎರಡಕ್ಕೂ ‘ಸಾಲ’ವೇ. ಕೊಟ್ಟಿದ್ದೋ ತಗೊಂಡಿದ್ದೋ ಅನ್ನುವುದನ್ನು ಪಕ್ಕದ ಪದ ಹೇಳುತ್ತದೆ.

ಅರ್ಥ ಬಾಯಿಪಾಠ ಮಾಡಿಸಬೇಡಿ. ನಮ್ಮ ಕನ್ನಡದ ‘ಬಾರೋ’ ನೆನಪಿಸಿ! ಪೆನ್ಸಿಲ್ಲನ್ನು ‘ಬಾರೋ’ ಅಂತ ಕರೆದವರ ಹತ್ತಿರ ಅದು ಬರುತ್ತದೆ. ಲೆಂಡ್ ಮಾಡಿದವರ ಕೈಯಿಂದ ಹೋಗುತ್ತದೆ. (ಉಚ್ಚಾರಣೆ ಪೂರ್ತಿ ಒಂದೇ ಅಲ್ಲ, ನೆನಪಿಗೆ ಸಾಕು.) ಒಂದು ರಬ್ಬರ್ ಹಿಡಿದು ಇಬ್ಬರೂ ಆಡಿ. ನೀವು ಕೊಡುವಾಗ ‘ಐ ಲೆಂಡ್’ ಅನ್ನಿ, ಅವಳು ತಗೊಳ್ಳುವಾಗ ‘ಐ ಬಾರೋ’ ಅನ್ನಲಿ. ಆಮೇಲೆ ಕೈ ಬದಲಿಸಿ.

ಅದು ಕೂತ ಮೇಲೆ ಬಾರೋ ಜೊತೆ ‘ಫ್ರಮ್’, ಲೆಂಡ್ ಜೊತೆ ‘ಟು’ ಸೇರಿಸಿ. ‘ಲೋನ್’ ಈಗಲೇ ಬೇಡ, ಸುಮ್ನೆ ಗೊಂದಲ ಜಾಸ್ತಿ ಆಗುತ್ತದೆ ಅಲ್ವಾ?